ಎರಡನೇ ತಾಕಿನ ಕಾಲುಪಾಲು

ಬೇವಿನೆಣ್ಣೆಯ ವಾಸನೆ ಒಮ್ಮೆ ಹತ್ತಿದರೆ ಸೋಪಿಗೂ ಬಗ್ಗುವುದಿಲ್ಲ, ಸೀಗೆಪುಡಿಗೂ ಬಗ್ಗುವುದಿಲ್ಲ. ಆ ಆರು ವರ್ಷ ನನ್ನ ಸೀರೆ, ಚೀಲ, ಊಟದ ಡಬ್ಬಿಯ ಮುಚ್ಚಳ, ಕೊನೆಗೆ ತಲೆದಿಂಬಿಗೂ ಅದೇ ವಾಸನೆ. ಗುಮ್ಮಿಡಿಪೂಂಡಿ ಕಡೆಯ ಲೋಕಲ್ ರೈಲಿನಲ್ಲಿ ಕೂರಲು ಜಾಗವಿಲ್ಲವೆಂದು ನಾನು ಒಂದು ದಿನವೂ ನಿಂತವಳಲ್ಲ. ಹತ್ತಿರ ಹೋದರೆ ಸಾಕು, ಜನ ತಾವಾಗಿಯೇ ಸರಿಯುತ್ತಿದ್ದರು. ಮೀನಿನ ಬುಟ್ಟಿಯನ್ನು ಕಾಲಬಳಿ ಇಟ್ಟುಕೊಂಡ ಹೆಂಗಸರೂ ನನ್ನನ್ನು ಕಂಡು ಮೂಗು ಮುಚ್ಚಿಕೊಂಡಾಗ ಮಾತ್ರ ನನಗೆ ಸಿಟ್ಟು ಬರುತ್ತಿತ್ತು. ಮನೆಗೆ ಬಂದರೆ, ಆಗ ಎರಡನೇ ಕ್ಲಾಸಿನಲ್ಲಿದ್ದ ಮಗಳು ಬಾಗಿಲಲ್ಲೇ ತಡೆದು, "ಅಮ್ಮಾ, ನಾತ್ತಂ ಅಡಿಕ್ಕುದು, ಮೊದಲ್ಲ ಕುಳಿಚ್ಚಿಟ್ಟು ವಾ" ಎನ್ನುತ್ತಿದ್ದಳು. ನಾರುತ್ತೀಯ, ಮೊದಲು ಸ್ನಾನ ಮಾಡಿ ಬಾ ಎಂದು ಹೆತ್ತವಳಿಗೆ ಹೇಳುವ ಮಾತು! ನಾನು ಕನ್ನಡದಲ್ಲಿ ಬೈಯುತ್ತಿದ್ದೆ, ಅವಳು ತಮಿಳಿನಲ್ಲಿ ನಗುತ್ತಿದ್ದಳು.

ಕೆಮಿಸ್ಟ್ರಿಯಲ್ಲಿ ಎಂ.ಎಸ್ಸಿ. ಮಾಡಿದ್ದೆ. ಗಂಡ ರೈಲ್ವೆಯಲ್ಲಿ ಇದ್ದುದರಿಂದ ಮೈಸೂರು ಬಿಟ್ಟು ಚೆನ್ನೈಗೆ ಬಂದೆವು. ಹೊಸ ಶತಮಾನ ಶುರುವಾಗಿ ಎರಡೋ ಮೂರೋ ವರ್ಷವಾಗಿತ್ತು. ನನ್ನ ವಯಸ್ಸಿನವರೆಲ್ಲ ಶೋಳಿಂಗನಲ್ಲೂರಿನ ಕಡೆ ಗಾಜಿನ ಕಟ್ಟಡಗಳಿಗೆ ಆಫೀಸಿನ ಕ್ಯಾಬಿನಲ್ಲಿ ಹೋಗುತ್ತಿದ್ದರೆ, ನಾನು ಪ್ಯಾರೀಸ್ ಕಾರ್ನರಿನ ಹಿಂದಿನ ಒಂದು ಸಂದಿಯಲ್ಲಿ, ಎಣ್ಣೆ ಡ್ರಮ್ಮುಗಳ ನಡುವೆ ಸೆರಗು ಎತ್ತಿ ಹಿಡಿದುಕೊಂಡು ಕೆಲಸಕ್ಕೆ ಹೋಗುತ್ತಿದ್ದೆ. ಅಂಗಡಿಯ ಯಜಮಾನರು ಹುಬ್ಬಳ್ಳಿ ಕಡೆಯವರು. ಅವರ ತಂದೆಯ ಕಾಲದಿಂದಲೂ ಬೇವಿನೆಣ್ಣೆ, ಬೇವಿನ ಹಿಂಡಿಯ ವ್ಯಾಪಾರ. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಕೊರಳಲ್ಲಿ ಲಿಂಗ, ಬಾಯಲ್ಲಿ ಮದ್ರಾಸಿಗೆ ಬಂದು ನಲವತ್ತು ವರ್ಷವಾದರೂ ಅಳಿಯದ ಊರಿನ ಮಾತು.

ಅವರಿಗಿದ್ದ ಆಸೆ ಒಂದೇ. "ಮೂವತ್ತ ವರ್ಷ ಸೋಪಿನವ್ರಿಗೆ ಮಾರೀನಿ, ದೀಪದವ್ರಿಗೆ ಮಾರೀನಿ. ಬೇವು ಭೂಮಿಗೆ ಹೋಗೂದನ್ನ ನೋಡಬೇಕವಾ ನಾ" ಎನ್ನುತ್ತಿದ್ದರು. ಎಣ್ಣೆಯನ್ನು ಹದಮಾಡಿ, ಯೂರಿಯಾ ಕಾಳಿಗೆ ತೆಳ್ಳಗೆ ಸವರುವ ಒಂದು ದ್ರಾವಣ ಮಾಡಬೇಕು; ಅದನ್ನು ಗೊಬ್ಬರದ ಕಾರ್ಖಾನೆಯವರು ಕೊಳ್ಳಬೇಕು. ದ್ರಾವಣ ಮಾಡುವುದಕ್ಕೆ ನಾನು.

ವಿಷಯ ಕಷ್ಟದ್ದೇನಲ್ಲ. ಯೂರಿಯಾ ಸಕ್ಕರೆಯ ಹಾಗೆ ಕರಗಿಬಿಡುತ್ತದೆ. ಬತ್ತದ ಗದ್ದೆಗೆ ಎರಚಿದ್ದರಲ್ಲಿ ಒಂದಿಷ್ಟು ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ. ಇನ್ನೊಂದಿಷ್ಟನ್ನು ಮಣ್ಣಿನ ಸೂಕ್ಷ್ಮಾಣುಗಳು ನೈಟ್ರೇಟ್ ಮಾಡುತ್ತವೆ, ಅದು ನೀರಿನೊಂದಿಗೆ ಕೆಳಗಿಳಿದು ಕೈತಪ್ಪುತ್ತದೆ. ಪೈರಿನ ಬಾಯಿಗೆ ಬೀಳುವುದು ಅರ್ಧವೂ ಇಲ್ಲ. ಬೇವಿನ ಕಹಿ ಆ ಸೂಕ್ಷ್ಮಾಣುಗಳ ಕೈಯನ್ನು ಸ್ವಲ್ಪ ದಿನ ಕಟ್ಟಿಹಾಕುತ್ತದೆ, ಸಾರಜನಕ ಕೆಸರಿನಲ್ಲೇ ಉಳಿಯುತ್ತದೆ. ಬಂದವರಿಗೆಲ್ಲ ನಾನು ಇದನ್ನು ಹೇಳಲು ಹೊರಟರೆ ಯಜಮಾನರು ಅರ್ಧದಲ್ಲೇ ತಡೆಯುತ್ತಿದ್ದರು. "ಹಸದ ಮಂದಿಗೆ ಹತ್ತ ಹೋಳಿಗಿ ಒಮ್ಮೆಲೇ ಎಲಿಗೆ ಹಾಕಿದ್ರ ಮೂರು ತಿಂತಾರ, ಉಳದದ್ದು ನಾಯಿಗೆ. ಒಂದೊಂದ ಬಡಿಸಿದ್ರ ಎಂಟೂ ತಿಂತಾರ. ಬೇವಂದ್ರ ಬಡಸಾಕಿ ಕೈ ಹಿಡಿಯೂದು, ಇಷ್ಟ." ನನ್ನ ಎಂ.ಎಸ್ಸಿ. ಅವರ ಹೋಳಿಗೆಯ ಮುಂದೆ ಸಪ್ಪೆಯಾಗುತ್ತಿತ್ತು.

ಒಂದು ಕಾರ್ಖಾನೆಯವರು ಕೊನೆಗೂ ಕಿವಿಗೊಟ್ಟರು. ಅವರ ಮಾತು ಇಷ್ಟೆ: ಒಂದು ಗದ್ದೆಯಲ್ಲಿ ಬೆಳೆದು ತೋರಿಸಿ, ಸವರಿದ ಯೂರಿಯಾವನ್ನು ಕಾಲುಪಾಲು ಕಡಿಮೆ ಹಾಕಿದರೂ ಬೆಳೆ ಇಳಿಯದಿದ್ದರೆ ಮುಂದಿನ ಮಾತು. ನೋಡಿದವರು ಸಹಿ ಹಾಕಿದ ವರದಿ ಬೇಕು. ನೋಡುವವಳು ನಾನು. ಯಜಮಾನರ ಮೂವತ್ತು ವರ್ಷ ನನ್ನ ಒಂದು ಸಹಿಯ ಮೇಲೆ ಬಂದು ಕೂತಿತು.

ಗದ್ದೆ ಸಿಕ್ಕಿದ್ದು ಪೊನ್ನೇರಿಯಿಂದ ಎರಡು ಮೈಲಿ ಒಳಗೆ. ಗದ್ದೆಯ ಒಡತಿ ಐವತ್ತು ದಾಟಿದ ವಿಧವೆ, ಒಂಟಿ ಕೈಯಲ್ಲಿ ಬೇಸಾಯ ಮಾಡುತ್ತಿದ್ದವಳು. ನಾನು ಅವಳನ್ನು ಅಕ್ಕಾ ಎಂದೆ, ಅವಳು ನನ್ನನ್ನು ಮೇಡಂ ಎಂದಳು. ಅವಳದು ಅಚ್ಚ ತಮಿಳು. ಇಲ್ಲಿ ನನ್ನ ಕನ್ನಡದಲ್ಲೇ ಬರೆಯುತ್ತಿದ್ದೇನೆ. ನನ್ನ ಲೆಕ್ಕದಲ್ಲಿ ಗದ್ದೆಯಲ್ಲಿ ಬೇರೆ ಬೇರೆ ಮೂರು ತಾಕು ಬೇಕಿತ್ತು: ಒಂದಕ್ಕೆ ಮಾಮೂಲಿ ಯೂರಿಯಾ ಪೂರ್ತಿ, ಒಂದಕ್ಕೆ ಬೇವು ಸವರಿದ್ದು ಕಾಲುಪಾಲು ಕಡಿಮೆ, ಒಂದಕ್ಕೆ ಏನೂ ಇಲ್ಲ. ಮೂರನೆಯದನ್ನು ಅವಳು ಕಡ್ಡಿ ಮುರಿದಂತೆ ಬೇಡವೆಂದಳು. "ನನ್ನ ಗದ್ದೆಯಲ್ಲಿ ಯಾರೂ ಉಪವಾಸ ಇರೋದು ಬೇಡ." ಕೃಷಿ ಕಾಲೇಜಿನವರು ಕೇಳಿದರೆ ನಗುತ್ತಿದ್ದರು. ನಾನು ಎರಡೇ ತಾಕು ಮಾಡಿ, ನಡುವೆ ನೀರು ಹರಿಯದಂತೆ ಬದು ಕಟ್ಟಿಸಿ, ಒಂದು, ಎರಡು ಎಂದು ಬರೆದ ಕೋಲು ನೆಟ್ಟೆ.

ಯಾವುದಕ್ಕೆ ಏನು ಎಂದು ಒಡತಿಗೆ ಹೇಳಬಾರದು, ಹೇಳಿದರೆ ಆರೈಕೆಯಲ್ಲಿ ಭೇದವಾಗುತ್ತದೆ ಎಂದು ಓದಿದ್ದೆ. ಹಾಗಾಗಿ ಚೀಲಗಳ ಮೇಲೂ ಬರೀ ಅಂಕಿ ಹಾಕಿದ್ದೆ. ಮೊದಲ ದಿನ ಅವಳು ಎರಡನೇ ಚೀಲದ ಬಾಯಿ ಬಿಚ್ಚುವ ಮೊದಲೇ, "ಇದು ವೇಪ್ಪೆಣ್ಣೈ" ಎಂದಳು, ಬೇವಿನೆಣ್ಣೆ. ಊರಿಗೆಲ್ಲ ಗೊತ್ತಾಗುವ ವಾಸನೆಗೆ ನಾನು ಗುಟ್ಟಿನ ಅಂಕಿ ಹಾಕಿದ್ದೆ! ಆಮೇಲೆ ಎರಡೂ ಚೀಲಗಳನ್ನು ಎರಡು ಕೈಯಲ್ಲಿ ಎತ್ತಿ ತೂಗಿ ನೋಡಿ, "ಎರಡನೆಯದಕ್ಕೆ ಕಡಿಮೆ ತಂದಿದ್ದೀಯಲ್ಲ, ಯಾಕೆ ಮೇಡಂ?" ಎಂದು ಕೇಳಿದಳು. ಬೇವು ಇದೆಯಲ್ಲ, ಅಷ್ಟೇ ಸಾಕಾಗುತ್ತದೆ ಎಂದೆ. ಅವಳು ಒಪ್ಪಿದಳೋ ಇಲ್ಲವೋ, ತಲೆಯಂತೂ ಆಡಿಸಿದಳು.

ಹಾಗೆ ಕಡಿತ ಮಾಡಿ ಉಳಿಸಿದ ಯೂರಿಯಾವನ್ನು ಯಜಮಾನರು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಅಂಗಡಿಯ ಶೆಲ್ಫಿನ ಮೇಲೆ ಇಟ್ಟಿದ್ದರು. ಚೆನ್ನೈಯ ಗಾಳಿಗೆ ಬಾಯಿ ತೆರೆದಿಟ್ಟರೆ ಅದು ಒಂದು ವಾರದಲ್ಲಿ ನೀರಾಗುತ್ತದೆ. "ರೈತಗ ಉಳಿಯೂದು ಇದು, ನೋಡ್ರಿ" ಎಂದು ಬಂದವರಿಗೆಲ್ಲ ತೋರಿಸುತ್ತಿದ್ದರು. ಆಯುಧಪೂಜೆಯಲ್ಲಿ ತಕ್ಕಡಿಗೆ ಬಳಿದಂತೆ ಅದಕ್ಕೂ ಒಂದು ಗೆರೆ ವಿಭೂತಿ ಬಳಿದಿದ್ದರು.

ಸಂಕ್ರಾಂತಿಯ ಆಸುಪಾಸಿನಲ್ಲಿ ನಾಟಿಯಾಯಿತು. ವಾರಕ್ಕೊಮ್ಮೆ ನಾನು ಹೋಗಿ ಎಲೆಬಣ್ಣದ ಪಟ್ಟಿ ಹಿಡಿದು ನೋಡುತ್ತಿದ್ದೆ. ಅದೊಂದು ಪ್ಲಾಸ್ಟಿಕ್ ಪಟ್ಟಿ, ಹಳದಿ ಬೆರೆತ ಹಸಿರಿನಿಂದ ಕಡುಹಸಿರಿನವರೆಗೆ ಮನೆ ಮಾಡಿರುತ್ತಾರೆ. ಎಲೆಯನ್ನು ಅದರ ಮೇಲಿಟ್ಟು ಯಾವ ಮನೆಗೆ ಹೊಂದುತ್ತದೆ ನೋಡಿದರೆ ಪೈರಿಗೆ ಸಾರಜನಕ ಸಾಲುತ್ತಿದೆಯೇ ಎಂದು ತಿಳಿಯುತ್ತದೆ. ಮಾಮೂಲಿ ಯೂರಿಯಾ ಬಿದ್ದ ಒಂದನೇ ತಾಕು ಐದೇ ದಿನಕ್ಕೆ ಕಪ್ಪಿಟ್ಟ ಹಸಿರಾಗಿ ನಿಂತಿತು. ಎರಡನೆಯದು ನಿಧಾನ, ತಿಳಿಹಸಿರು. ಬದುವಿನ ಮೇಲೆ ಹೋಗುವವರೆಲ್ಲ ನಿಂತು, ಪಟ್ಟಣದ ಮೇಡಂ ಔಷಧಿ ಹೇಗಿದೆ ಎಂದು ಅಕ್ಕನನ್ನು ಕೇಳಿ ನಗುತ್ತಿದ್ದರಂತೆ. ನನಗೆ ಅದು ಗೊತ್ತಾದದ್ದು ಆಮೇಲೆ. ನನ್ನ ಮುಂದೆ ಅವಳು ಆ ಮಾತೇ ಎತ್ತಲಿಲ್ಲ. ಮಧ್ಯಾಹ್ನ ಗಂಜಿ ಬಡಿಸುತ್ತಿದ್ದಳು, ಜೊತೆಗೆ ಹುರಿದ ಮಜ್ಜಿಗೆ ಮೆಣಸಿನಕಾಯಿ. ನಾನು ಸಾಕು ಎಂದರೂ ಇನ್ನೊಂದು ಸೌಟು ಬೀಳುತ್ತಿತ್ತು. ಮೂರನೇ ವಾರಕ್ಕೆ ಮೇಡಂ ಹೋಗಿ ನಾನು "ಕಣ್ಣು" ಆಗಿದ್ದೆ. ಅವರಲ್ಲಿ ಮಕ್ಕಳನ್ನು ಮುದ್ದಿಗೆ ಕರೆಯುವ ಮಾತು ಅದು. ತವರು ಬಿಟ್ಟು ಬಂದವಳಿಗೆ ಅದು ಎಷ್ಟು ಹಿತವಾಯಿತೆಂದು ಇಲ್ಲಿ ಮುಚ್ಚಿಡುವುದಿಲ್ಲ.

ಪೈರು ಹೊಡೆಗೆ ಬಂದ, ಅಂದರೆ ತೆನೆ ಹೊರಬರುವ ಮೊದಲು ಒಳಗೇ ತುಂಬಿಕೊಳ್ಳುವ ವಾರ ಮಗಳಿಗೆ ಜ್ವರ ಬಂದು ನಾನು ಹೋಗಲಾಗಲಿಲ್ಲ. ಅದರ ಮುಂದಿನ ವಾರ ಹೋದಾಗ ಎರಡನೇ ತಾಕು ಎದೆಯುಬ್ಬಿಸಿ ನಿಂತಿತ್ತು. ಎಲೆಯ ಬಣ್ಣ ಪಟ್ಟಿಯಲ್ಲಿ ಒಂದು ಮನೆ ಮೇಲಕ್ಕೆ ಹಾರಿತ್ತು. ನಿಧಾನವಾಗಿ ಬಿಡುಗಡೆಯಾಗುವ ಗೊಬ್ಬರ ಹೀಗೆ ಒಂದೇ ವಾರದಲ್ಲಿ ಕುಣಿಯುವುದಿಲ್ಲ ಎಂದು ಕೆಮಿಸ್ಟ್ರಿ ಓದಿದವಳಿಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ನೋಟ್‌ಬುಕ್ಕಿನಲ್ಲಿ "ಬೇವಿನ ಗುಣ ಸ್ಪಷ್ಟ" ಎಂದು ಬರೆದು ಕೆಳಗೆ ಎರಡು ಗೆರೆ ಎಳೆದೆ. ಆ ನೋಟ್‌ಬುಕ್ಕು ಈಗಲೂ ನನ್ನ ಬಳಿ ಇದೆ, ಆ ಎರಡು ಗೆರೆಗಳನ್ನು ಕಂಡರೆ ಈಗಲೂ ಮುಖ ಬಿಸಿಯಾಗುತ್ತದೆ.

ಕೊಯ್ಲಿಗೆ ಕಾರ್ಖಾನೆಯ ಇಬ್ಬರು ಅಧಿಕಾರಿಗಳು ಕಾರಿನಲ್ಲಿ ಬಂದರು. ಯಜಮಾನರು ಬಿಳಿ ಪಂಚೆ ಉಟ್ಟು ಬಂದಿದ್ದರು. ಎರಡೂ ತಾಕಿನ ಬತ್ತವನ್ನು ಬೇರೆ ಬೇರೆ ತೂಗಿದಾಗ ಎರಡನೆಯದೇ ಹೆಚ್ಚು. ಸ್ವಲ್ಪವಲ್ಲ, ನೋಡಿದವರು ಹುಬ್ಬೇರಿಸುವಷ್ಟು. ಕಾಲುಪಾಲು ಕಡಿಮೆ ತಿಂದು ಹೆಚ್ಚು ಕೊಟ್ಟಿದೆ! ಅಧಿಕಾರಿಗಳು ಯಜಮಾನರ ಕೈಕುಲುಕಿ, ಒಂದು ವಾರದಲ್ಲಿ ಸಹಿ ಹಾಕಿದ ವರದಿ ಕಳಿಸಿ ಎಂದು ಹೇಳಿ ಹೋದರು. ಯಜಮಾನರು ಅದೇ ಕಾರಿನಲ್ಲಿ ಅವರೊಂದಿಗೆ ಹೊರಟರು. ಕಾರಿನ ಕಿಟಕಿಯಿಂದ ನನ್ನ ಕಡೆ ನೋಡಿ ಕೈಮುಗಿದರು. ವಯಸ್ಸಿನಲ್ಲಿ ನನ್ನ ತಂದೆಯಷ್ಟು ದೊಡ್ಡವರು.

ನಾನು ರೈಲಿಗೆ ಹೊರಡುವ ಮೊದಲು ಅಕ್ಕ ಒಂದು ಚೀಲದಲ್ಲಿ ಹೊಸ ಬತ್ತ ತುಂಬಿ ಕೊಟ್ಟಳು. ಮುಖದ ತುಂಬ ನಗು. "ನಿನ್ನ ಮಾನ ಉಳಿಸಿದೆ ಕಣ್ಣು" ಎಂದಳು.

"ಹಂಗಂದ್ರೆ?" ಎಂದೆ.

"ನೀನು ಬರದ ವಾರ ನೋಡಿದೆ. ಹೊಡೆ ಕಟ್ಟಿ ನಿಂತಿದೆ, ಹೊಟ್ಟೆಗೆ ಮಾತ್ರ ಸಾಲದು. ಬಸುರಿಗೆ ಯಾರಾದ್ರೂ ಕಡಿಮೆ ಬಡಿಸ್ತಾರಾ? ನನ್ನ ಮನೆಯ ಯೂರಿಯಾ ಒಂದು ಮೊರ ತಂದು ಎರಚಿದೆ. ಬೆಳಿಗ್ಗೆ ಬೇಗ ಹೋಗಿ ಎರಚಿದೆ, ಯಾರೂ ನೋಡ್ಲಿಲ್ಲ."

ಹೊಡೆಯಾದ ಪೈರನ್ನು ಬಸುರಿ ಎನ್ನುವುದು ನಮ್ಮ ಕಡೆಯೂ ಉಂಟು. ಮಾತು ಹೊಸದಲ್ಲ. ಆದರೆ ಆ ಮಾತು ಮೊರ ತುಂಬ ಯೂರಿಯಾ ಹಿಡಿದು ನನ್ನ ತಾಕಿಗೆ ಇಳಿಯುತ್ತದೆಂದು ನಾನು ಎಣಿಸಿರಲಿಲ್ಲ. ನನ್ನ ಬಾಯಿ ಮೊದಲಿನಿಂದಲೂ ಕೆಟ್ಟದ್ದು. "ನಿಮ್ಮನ್ನ ಯಾರು ಕೇಳಿದ್ರು? ನಾಲ್ಕು ತಿಂಗಳು ಎಲ್ಲಾ ಹಾಳು ಮಾಡಿದ್ರಲ್ಲ! ಅಷ್ಟೂ ಸುಳ್ಳಾಯ್ತಲ್ಲ!" ಎಂದು ಕೂಗಾಡಿದೆ. ಅವಳ ನಗು ಹೋಯಿತು. ಬತ್ತದ ಚೀಲವನ್ನು ಅಲ್ಲೇ ಜಗುಲಿಯ ಮೇಲೆ ಬಿಟ್ಟು ಬಂದೆ. ಗಂಜಿ ಬಡಿಸಿದ ಕೈಯಿಂದ ಹೊಸ ಬತ್ತ ತೆಗೆದುಕೊಳ್ಳದೆ ಬಂದವಳು ನಾನು. ಅದನ್ನು ನೆನೆಸಿಕೊಂಡರೆ ಇವತ್ತಿಗೂ ನಾಚಿಕೆಯಾಗುತ್ತದೆ.

ಎರಡು ದಿನ ಅಂಗಡಿಯಲ್ಲಿ ಬಾಯಿ ಬಿಡಲಿಲ್ಲ. ಯಜಮಾನರು ಬಂದವರಿಗೆಲ್ಲ ಶೆಲ್ಫಿನ ಚೀಲ ತೋರಿಸಿ, "ಕಾಲುಪಾಲು ಉಳೀತು, ಬೆಳಿ ಹೆಚ್ಚಾತು" ಎನ್ನುತ್ತಿದ್ದರು. ನನ್ನ ಮೇಜಿನ ಮೇಲೆ ಟೈಪಾದ ವರದಿ ಇತ್ತು. ಮೂರನೇ ದಿನ ಹೇಳಿಬಿಟ್ಟೆ.

ಅವರು, "ಇದು ಯಾರ್ಯಾರಿಗೆ ಗೊತ್ತೈತಿ?" ಎಂದರು.

"ಆಕೆಗೆ, ನನಗೆ. ಈಗ ನಿಮಗೆ."

"ಮೂರ ಮಂದಿಗೆ."

"ಹೌದು."

"ನೀ ಸಹಿ ಮಾಡ್ತಿಯೇನು?"

"ಮಾಡಲ್ಲ."

ಅವರು ಎದ್ದು ಹೋಗಿ ಒಂದು ಡ್ರಮ್ಮಿನ ಮುಚ್ಚಳ ತೆಗೆದರು, ಸುಮ್ಮನೆ ಮತ್ತೆ ಮುಚ್ಚಿದರು. ಆ ದಿನವೂ ಮರುದಿನವೂ ನನ್ನೊಂದಿಗೆ ಮಾತಾಡಲಿಲ್ಲ. ಕೆಲಸ ಹೋಯಿತೆಂದೇ ತಿಳಿದು ನಾನು ಗಂಡನಿಗೂ ಹೇಳಿದ್ದೆ. ಅದರ ಮರುದಿನ ಬೆಳಿಗ್ಗೆ ನಾನು ಒಳಗೆ ಕಾಲಿಡುತ್ತಿದ್ದಂತೆ, "ಫೋನ್ ಹಚ್ಚು ಅವ್ರಿಗೆ" ಎಂದರು. "ನಾಳೆ ನಮ್ಮ ಕಾಗದ ನಂಬಿ ರೈತ ಕಾಲುಪಾಲು ಕಡಿಮಿ ಹಾಕ್ತಾನ. ಬೆಳಿ ಬರ್ಲಿಲ್ಲಂದ್ರ ಬೈಯೂದು ನಿನಗಲ್ಲ, ನನಗೂ ಅಲ್ಲ. ಬೇವಿಗೆ ಬೈತಾನ. ಒಮ್ಮೆ ಬೇವಿನ ಹೆಸರು ಕೆಟ್ರ ಮುಗೀತು. ಹಚ್ಚು." ಫೋನಿನಲ್ಲಿ ಅವರೇ ಮಾತಾಡಿದರು. ತಪ್ಪು ಯಾರದೆಂದು ಹೇಳಲಿಲ್ಲ. ಪರೀಕ್ಷೆ ಕೆಟ್ಟಿದೆ, ಮುಂದಿನ ವರ್ಷ ಮತ್ತೆ ಮಾಡುತ್ತೇವೆ ಎಂದಷ್ಟೇ ಹೇಳಿದರು. ಆ ಕಡೆಯವರು ನಕ್ಕಿದ್ದು ನನಗೂ ಕೇಳಿಸಿತು.

ಬೇರೆ ಗದ್ದೆ ಹುಡುಕೋಣವೆಂದು ನಾನು. "ಅಕಿ ಗದ್ದಿನ ಆಗಬೇಕು" ಎಂದು ಅವರು. ಮಣ್ಣು ಅದೇ, ನೀರು ಅದೇ ಇರಲಿ ಎಂದು ಅವರ ವಾದ. ನನಗೆ ಮಾತ್ರ ಅಕ್ಕನ ಮುಖ ನೋಡುವುದು ಹೇಗೆಂಬ ಚಿಂತೆ. ಅಂತೂ ಒಂದು ದಿನ ಹೋಗಿ ಜಗುಲಿಯ ಮೇಲೆ ಕೂತೆ. ತಪ್ಪಾಯ್ತು ಅಕ್ಕಾ ಎಂದೆ. ಅವಳು ಒಳಗಿಂದ ಅದೇ ಬತ್ತದ ಚೀಲ ತಂದು ನನ್ನ ಮುಂದಿಟ್ಟಳು. ನಾನು ಬಿಟ್ಟು ಹೋದಾಗಿನ ಗಂಟು ಹಾಗೇ ಇತ್ತು, ಬಿಚ್ಚಿರಲಿಲ್ಲ.

ಆಗ ಅವಳು ಹೇಳಿದ್ದು ಇದು. ಮೊದಲ ಬಸುರಿನಲ್ಲಿ ಅತ್ತೆ ಅವಳಿಗೆ ದಿನವೂ ಹೊಟ್ಟೆ ತುಂಬ ಬಡಿಸುತ್ತಿರಲಿಲ್ಲ. ಮನೆಯಲ್ಲಿ ಇಲ್ಲದೆ ಅಲ್ಲ. ಮಗು ದಪ್ಪವಾದರೆ ಹೆರಿಗೆ ಕಷ್ಟ ಎಂದು. "ಅವಳೂ ನಿನ್ನ ಹಾಗೇ ಹೇಳ್ತಿದ್ಲು ಕಣ್ಣು. ಅಷ್ಟೇ ಸಾಕಾಗುತ್ತೆ ಅಂತ. ಕೆಟ್ಟವಳಲ್ಲ." ಹುಟ್ಟಿದ ಮಗುವಿಗೆ ಅಳುವ ತ್ರಾಣವಿರಲಿಲ್ಲ, ಹನ್ನೊಂದು ದಿನ ಇತ್ತು ಎಂದಳು. ಹೇಳಿ, ನನ್ನ ಲೋಟಕ್ಕೆ ನೀರು ಹಾಕಿದಳು. ಪೈರಿಗೂ ಹೆಣ್ಣಿಗೂ ಇರುವ ವ್ಯತ್ಯಾಸವನ್ನು ಆ ಹೊತ್ತಿನಲ್ಲಿ ವಿವರಿಸಲು ನನಗೆ ಮನಸ್ಸು ಬರಲಿಲ್ಲ. ಕೊನೆಗೆ ಅವಳೇ, "ಈ ಸಲ ಕೈ ಹಾಕಲ್ಲ. ನಿನ್ನ ಕೋಲು ನೆಡು" ಎಂದಳು.

ಮರುವರ್ಷ ಮತ್ತೆ ಸಂಕ್ರಾಂತಿ, ಮತ್ತೆ ನಾಟಿ, ಮತ್ತೆ ಒಂದು, ಎರಡು. ಈ ಸಲ ನಾನು ವಾರಕ್ಕೆರಡು ಬಾರಿ ಹೋದೆ. ಒಂದು ಕಣ್ಣು ಎಲೆಯ ಮೇಲೆ, ಇನ್ನೊಂದು ಅಕ್ಕನ ಮೊರದ ಮೇಲೆ. ಪೈರು ಹೊಡೆಗೆ ಬಂದಾಗ ಹೋದರೆ ಅವಳು ಗದ್ದೆಯ ಬಳಿ ಇರಲಿಲ್ಲ. ಬಾವಿಗೆ ಹೋಗುವ ದಾರಿ ಆ ಎರಡನೇ ತಾಕಿನ ಬದುವಿನ ಮೇಲೆಯೇ. ದೂರದಲ್ಲಿ ನೋಡಿದರೆ, ಅವಳು ಬಿಸಿಲಲ್ಲಿ ಮೂರು ಜನರ ಗದ್ದೆ ಸುತ್ತಿಕೊಂಡು ಬರುತ್ತಿದ್ದಾಳೆ. ಯಾಕಕ್ಕಾ ಇಷ್ಟು ಸುತ್ತು ಎಂದೆ. "ನೋಡಿದ್ರೆ ಕೈ ಸುಮ್ನಿರಲ್ಲ" ಎಂದಳು. ಮನೆಯಲ್ಲಿದ್ದ ಯೂರಿಯಾ ಚೀಲವನ್ನೂ ಪಕ್ಕದ ಮನೆಯವರಲ್ಲಿ ಇಟ್ಟು, ಕೊಯ್ಲಿನವರೆಗೆ ತಾನೇ ಬಂದು ಕೇಳಿದರೂ ಕೊಡಬೇಡಿ ಎಂದಿದ್ದಳಂತೆ. ಹದಿನೈದು ದಿನ ಹಾಗೆ ಸುತ್ತು ಹಾಕಿದಳು. ನನ್ನ ಸಹಿ ನಿಜವಾಗಲಿ ಎಂದು ಅಷ್ಟು ನಡೆದವರು ಬೇರೆ ಯಾರೂ ಇಲ್ಲ.

ತೂಗಿದೆವು. ಎರಡೂ ಸಮ. ಒಂದನೆಯದು ಒಂದು ಬೊಗಸೆ ಹೆಚ್ಚಿದ್ದಿರಬಹುದು, ಅಷ್ಟೆ. ಕಾಲುಪಾಲು ಕಡಿಮೆ ತಿಂದು ಸಮ ನಿಂತಿತ್ತು. ನಾನು ಕೆಸರುಗಾಲಿನಲ್ಲೇ ಪೊನ್ನೇರಿಗೆ ಓಡಿ ಎಸ್ಟಿಡಿ ಬೂತಿನಿಂದ ಯಜಮಾನರಿಗೆ ಫೋನು ಮಾಡಿದೆ. ಅವರು, "ಸಮ ಅಂದ್ರ ಸಮ ಏನವಾ?" ಎಂದರು. "ಸಮ ಅಂದ್ರೆ ಸಮ" ಎಂದೆ. ಆ ಸಂಜೆ ಸಹಿ ಹಾಕಿದೆ. ಕಾರ್ಖಾನೆಯಲ್ಲಿ ಅಷ್ಟರಲ್ಲಿ ಅಧಿಕಾರಿ ಬದಲಾಗಿದ್ದ. ಹೊಸಬ ವರದಿ ಓದಿ, ಹೆಚ್ಚು ಬೆಳೆ ಎಂದರೆ ಮಾರಬಹುದು, ಸಮ ಎಂದು ಹೇಳಿ ಯಾರಿಗೆ ಮಾರಲಿ ಎಂದನಂತೆ. ಕೊನೆಗೆ ಹತ್ತು ಡ್ರಮ್ಮು ಕಳಿಸಿ ನೋಡೋಣ ಎಂದ. ಯಜಮಾನರು ಹತ್ತೂ ಡ್ರಮ್ಮುಗಳಿಗೆ ತಾವೇ ವಿಭೂತಿ ಬಳಿದು ಲಾರಿಗೆ ಹತ್ತಿಸಿದರು. ಈಗ ದೇಶದಲ್ಲಿ ಬೇವು ಸವರದ ಯೂರಿಯಾ ಚೀಲವೇ ಸಿಗುವುದಿಲ್ಲ. ಅದರಲ್ಲಿ ನಮ್ಮ ಹತ್ತು ಡ್ರಮ್ಮಿನ ಪಾಲು ಏನೂ ಇಲ್ಲ, ಅಥವಾ ಏನೋ ಒಂದಿಷ್ಟು ಇದೆ. ಅದನ್ನು ನೋಡಲು ಯಜಮಾನರು ಉಳಿಯಲಿಲ್ಲ.

ನಾನು ಹೇಳಬೇಕೆಂದುಕೊಂಡದ್ದು ತೂಗಿದ ದಿನದ ಮಾತು. ಫೋನು ಮಾಡಿ ಕುಣಿದುಕೊಂಡು ವಾಪಸು ಬಂದಾಗ ಅಕ್ಕ ಎರಡನೇ ತಾಕಿನಲ್ಲಿ ಕೊಯ್ದು ಉಳಿದ ಕೂಳೆಯ ಮುಂದೆ ನಿಂತಿದ್ದಳು. "ಗೆದ್ದೆವು ಅಕ್ಕಾ" ಎಂದೆ. ಅವಳು, "ಹಸಿವಲ್ಲೇ ಹೆತ್ತಿತು, ಪಾಪ" ಎಂದಳು. ಆಮೇಲೆ, "ಅದರ ಪಾಲು ಎಲ್ಲಿ ಕಣ್ಣು? ನೀನು ಕಡಿಮೆ ಮಾಡಿದ್ದು?"

"ಅಂಗಡೀಲಿದೆ."

"ಹೆತ್ತಾಯ್ತಲ್ಲ. ಈಗಾದ್ರೂ ಬಡಿಸು."

ಯಜಮಾನರನ್ನು ಕೇಳಲು ನನಗೆ ಸಂಕೋಚ. ಹೇಳಿದಾಗ ಅವರು ಶೆಲ್ಫಿನಿಂದ ಈ ವರ್ಷದ ಚೀಲವನ್ನು ತಾವೇ ಇಳಿಸಿ, ಧೂಳು ಒರೆಸಿ ಕೊಟ್ಟರು. "ಬಾಣಂತಿ ಊಟಕ್ಕ ನನ್ನ ಅಪ್ಪಣಿ ಯಾಕ? ಒಯ್ಯಿ" ಎಂದರು.

ವಿಭೂತಿಯ ಗೆರೆಯಿದ್ದ ಆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ರೈಲಿನಲ್ಲಿ ಹೋದೆ. ಅಕ್ಕ ಮೊರ ತೊಳೆದು ಒಣಗಿಸಿ ಇಟ್ಟಿದ್ದಳು. ಗದ್ದೆ ಬಿರಿದು ನಿಂತಿತ್ತು, ಒಣ ಕೂಳೆ, ಮೇಲೆ ಏಪ್ರಿಲ್ ಬಿಸಿಲು. ಅಲ್ಲಿ ಎರಚಿದ ಯೂರಿಯಾ ಯಾವ ಬೇರಿಗೂ ಸಿಗುವುದಿಲ್ಲ. ಒಂದು ಮಳೆ ಹನಿದರೆ ಸಾಕು, ಬಹುಪಾಲು ಗಾಳಿಗೆ ಹೋಗುತ್ತದೆ. ಹಾಗೆ ಒಂದು ಕಾಳೂ ಹೋಗಬಾರದೆಂದೇ ನಾನು ಅಷ್ಟು ವರ್ಷ ಸಂಬಳ ತಿಂದವಳು. ಅಕ್ಕ ಮೊರಕ್ಕೆ ಕೈ ಹಾಕಿ, ಬೊಗಸೆ ಬೊಗಸೆಯಾಗಿ, ಅವಸರವಿಲ್ಲದೆ ಎರಚುತ್ತ ನಡೆದಳು. ನಾನು ಮೊರ ಹಿಡಿದುಕೊಂಡು ಅವಳ ಪಕ್ಕದಲ್ಲಿ ನಡೆದೆ. ಮೊರ ಖಾಲಿಯಾದಾಗ ಚೀಲವನ್ನು ಕೊಡವಿ, ಮೂಲೆಯಲ್ಲಿ ಉಳಿದಿದ್ದನ್ನೂ ಅವಳ ಕೈಗೆ ಹಾಕಿದೆ.